ಇಂಜಿನ್ ಸಾಲ

ಮೋಟಾರಿನ ಇಂಜಿನ್ ಸಾಯುವ ಕಥೆಯನ್ನು ನಮ್ಮ ಪತ್ರಿಕೆಯಲ್ಲಿ ಯಾಕೆ ಬರೆಯಬೇಕು ಎಂದು ಕೆಲವರು ಕೇಳಬಹುದು. ಬರೆಯಲೇಬೇಕು ಗೆಳೆಯರೆ. ನಮ್ಮ ಕೇರಿಗಳ ಎಷ್ಟೋ ಹುಡುಗರು ಇವತ್ತು ಪರರ ಹೊಲ ಬಿಟ್ಟು ಪರರ ಸ್ಟೇರಿಂಗ್ ಹಿಡಿದಿದ್ದಾರೆ. ಗಾಡಿ ಅವರದಲ್ಲ, ಡೀಸೆಲ್ ಅವರದಲ್ಲ, ಹೋಗುವ ಊರೂ ಅವರದಲ್ಲ. ಇಂಜಿನ್ ಕೆಟ್ಟ ದಿನ ಮಾತ್ರ ಆ ಇಂಜಿನ್ ಅವರದಾಗುತ್ತದೆ. ನಮ್ಮಣ್ಣನಿಗೆ ಆದದ್ದು ಇದೇ.

ಅಣ್ಣ ಎಸ್ಸೆಸ್ಸೆಲ್ಸಿ ಫೇಲು. ನಾನು ಬಿ.ಎ. ಮುಗಿಸಿದ್ದು ಅವನ ಸಂಬಳದಲ್ಲಿ. ನಾಲ್ಕು ವರ್ಷ ಅವನು ನಮ್ಮ ಹೋಬಳಿಯ ಒಬ್ಬ ಧಣಿಯ ಡೀಸೆಲ್ ಕಾರು ಓಡಿಸಿದ. ಧಣಿಯ ಹೆಸರು ಬೇಡ; ಓದುವವರು ತಮ್ಮ ತಮ್ಮ ಊರಿನ ಹೆಸರು ಹಾಕಿಕೊಳ್ಳಲಿ. ತಿಂಗಳಿಗೆ 14,000 ರೂಪಾಯಿ. ನೇಮಕದ ಕಾಗದ ಇಲ್ಲ, ರಜೆ ಇಲ್ಲ, ಊಟ ಮಾತ್ರ ಹಿತ್ತಲ ಜಗುಲಿಯಲ್ಲಿ.

ಆ ಗಾಡಿಯ ಎಣ್ಣೆ ದೀಪ ಮೊದಲೇ ಸುಳುಹು ಕೊಟ್ಟಿತ್ತು. ಬಿಸಿಲಲ್ಲಿ ಓಡಿ ಬಂದು ಸಿಗ್ನಲ್‌ನಲ್ಲಿ ನಿಂತಾಗ ಮಿಣುಕ್ ಮಿಣುಕ್ ಅನ್ನುತ್ತಿತ್ತು, ಆಕ್ಸಿಲೇಟರ್ ಒತ್ತಿದರೆ ಆರುತ್ತಿತ್ತು. ಕಾದ ಎಣ್ಣೆ ನೀರಿನಂತೆ ತೆಳ್ಳಗಾಗುತ್ತದೆ. ಇಂಜಿನ್ ನಿಧಾನ ತಿರುಗುವಾಗ ಪಂಪೂ ನಿಧಾನ. ಒಳಗೆ ಸವೆತವೋ ತಡೆಯೋ ಇದ್ದರೆ ಅದು ಮೊದಲು ಗೊತ್ತಾಗುವುದು ಹೀಗೆ. ಅಣ್ಣ ಎರಡು ಸಲ ಹೇಳಿದ. "ಯಜಮಾನ್ರೇ, ಎಣ್ಣೆ ಬದಲಾಯಿಸಿ ಬಾಳ ದಿನ ಆಯ್ತು, ಒಂದ್ಸಲ ಗ್ಯಾರೇಜಿಗೆ ಬಿಡಾನ." ಧಣಿಯ ಉತ್ತರ: "ಆ ದೀಪದ ವೈರ್ ಕಿತ್ತಾಕ್ಲಾ, ಕಣ್ಣಿಗೆ ಹೊಡೀತದೆ."

ಅಣ್ಣ ಕೀಳಲಿಲ್ಲ. ಉರಿಯುವ ದೀಪದ ವೈರ್ ಕೀಳುವುದು ಈ ಜನಕ್ಕೆ ಹಳೆಯ ಅಭ್ಯಾಸ. ಕೇರಿಯಲ್ಲಿ ಒಬ್ಬ ದನಿ ಎತ್ತಿದರೆ ನೀರಿನ ನಲ್ಲಿ ಕೆಟ್ಟಿದೆಯೋ ಎಂದು ನೋಡುವುದಿಲ್ಲ, ದನಿ ಎತ್ತಿದವನ ಕೂಲಿ ನಿಲ್ಲಿಸುತ್ತಾರೆ.

ಧರ್ಮಸ್ಥಳಕ್ಕೆ ಹೋಗಿ ಬರುವಾಗ ಶಿರಾಡಿ ಘಾಟಿಯಲ್ಲಿ ಅದು ನಡೆಯಿತು. ಗುಂಡ್ಯ ದಾಟಿ ಮಾರನಹಳ್ಳಿ ಕಡೆ ಹತ್ತುವ ಏರು. ಗಾಡಿ ತುಂಬ ಜನ, ಮುಂದೆ ಲಾರಿಗಳ ಸಾಲು, ಸೆಕೆಂಡ್ ಗೇರು. ದೀಪ ಈ ಸಲ ಮಿಣುಕಲಿಲ್ಲ, ಗಟ್ಟಿಯಾಗಿ ಹತ್ತಿಕೊಂಡಿತು. ಅಣ್ಣ ತಕ್ಷಣ ಪಕ್ಕಕ್ಕೆ ತಂದು ಕೀ ತಿರುಗಿಸಿ ನಿಲ್ಲಿಸಿದ. ಸ್ವಲ್ಪ ಹೊತ್ತು ಬಿಟ್ಟು ಬಾನೆಟ್ ಎತ್ತಿ ಅಳತೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗುರುತಿನವರೆಗೂ ಇದೆ. ಕೆಳಗೆ ಸೋರಿದ ಕಲೆಯೂ ಇಲ್ಲ. "ಎಣ್ಣೆ ಇದೆಯಲ್ಲ, ಇನ್ನೇನ್ಲಾ? ನಡಿ" ಎಂದ ಧಣಿ. "ಬ್ಯಾಡಿ ಯಜಮಾನ್ರೇ, ಇಂಜಿನ್ ಹೋಯ್ತದೆ" ಎಂದರೆ, "ಗಾಡಿ ನಂದೋ ನಿಂದೋ?"

ಎಲ್ಲರೂ ಮೋಸಹೋಗುವುದು ಇಲ್ಲೇ. ಆ ಕೆಂಪು ದೀಪ ಎಣ್ಣೆ ಎಷ್ಟಿದೆ ಎಂದು ಹೇಳುವುದಿಲ್ಲ. ಎಣ್ಣೆಗೆ ಒತ್ತಡ ಇದೆಯೋ ಇಲ್ಲವೋ ಎಂದು ಹೇಳುತ್ತದೆ. ಇಂಜಿನ್ ತಳದ ಚೇಂಬರಿನಿಂದ ಪಂಪು ಒಂದು ಜಾಲರಿಯ ಮೂಲಕ ಎಣ್ಣೆ ಹೀರಿ, ಫಿಲ್ಟರ್ ದಾಟಿಸಿ, ಸಣ್ಣ ಸಣ್ಣ ಕಾಲುವೆಗಳಲ್ಲಿ ಕ್ರ್ಯಾಂಕಿನ ಬೇರಿಂಗುಗಳಿಗೆ ನೂಕುತ್ತದೆ. ಕ್ರ್ಯಾಂಕು ಬೇರಿಂಗಿನ ಮೇಲೆ ಕೂತು ತಿರುಗುವುದಿಲ್ಲ. ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆಯ ಮೇಲೆ ತೇಲಿ ತಿರುಗುತ್ತದೆ. ನಿಮಿಷಕ್ಕೆ ಎರಡು ಸಾವಿರ ಸುತ್ತು ಎಂದರೆ ಒಂದು ಸೆಕೆಂಡಿಗೆ ಮೂವತ್ತಮೂರು ಸುತ್ತು. ಪೊರೆ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಸಾಮಾನ್ಯವಾಗಿ ಒತ್ತಡ ಅರ್ಧ ಬಾರ್‌ಗೂ ಕೆಳಗೆ ಬಿದ್ದ ಮೇಲೆಯೇ ದೀಪ ಹತ್ತುತ್ತದೆ. ಆಗಲೇ ತಡ. ದೀಪದ ಸ್ವಿಚ್ಚೇ ಕೆಟ್ಟು ಸುಳ್ಳು ಹೇಳುವುದೂ ಉಂಟು. ಆದರೆ ಅದನ್ನು ತಿಳಿಯಬೇಕಾದರೆ ಸ್ವಿಚ್ಚು ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಮೀಟರ್ ಕೂರಿಸಿ ನೋಡಬೇಕು. ಅಲ್ಲಿಯವರೆಗೆ ದೀಪ ಹೇಳಿದ್ದೇ ನಿಜ ಎಂದುಕೊಂಡು ಗಾಡಿಯನ್ನು ಎಳೆಸಿಕೊಂಡು ಹೋಗಬೇಕು.

ಅಣ್ಣನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದವನ ಮಾತು ನಡೆಯಲಿಲ್ಲ. ಮೂರು ಕಿಲೋಮೀಟರ್ ಹತ್ತುವುದರೊಳಗೆ ಕಟ ಕಟ ಎಂದು ಒಳಗಿಂದ ಸುತ್ತಿಗೆಯ ಸದ್ದು. ಆಮೇಲೆ ಒಂದು ಜಗ್ಗು. ಗಾಡಿ ನಿಂತಿತು, ಮತ್ತೆ ತಿರುಗಲಿಲ್ಲ.

ಪೇಟೆಯ ಗ್ಯಾರೇಜಿನ ಮಿಸ್ತ್ರಿ ಸಾಬರು ಚೇಂಬರ್ ಇಳಿಸಿದಾಗ ನಾನೂ ಇದ್ದೆ. ಎಣ್ಣೆ ಎಂದು ಕರೆಯುವಂತಿರಲಿಲ್ಲ, ತಾರಿನ ಮುದ್ದೆ. ಪಂಪಿನ ಜಾಲರಿಗೆ ಹಲಸಿನ ಮೇಣ ಮೆತ್ತಿದ ಹಾಗೆ ಕಪ್ಪು ಜಿಡ್ಡು. ಎಣ್ಣೆ ತುಂಬಿದ್ದರೂ ಪಂಪಿಗೆ ಬಾಯಿ ಕಟ್ಟಿತ್ತು. ಬೇರಿಂಗಿನ ಚಿಪ್ಪುಗಳ ಬೂದು ಬಣ್ಣ ಸವೆದು ಒಳಗಿನ ತಾಮ್ರದ ಬಣ್ಣ ಬಂದಿತ್ತು. ಮೂರನೇ ಪಿಸ್ಟನ್ನಿನ ರಾಡಿನಲ್ಲಿ ಚಿಪ್ಪು ತನ್ನ ಜಾಗ ಬಿಟ್ಟು ಕ್ರ್ಯಾಂಕಿನ ಜೊತೆ ಸುತ್ತಿ ಸುಟ್ಟಿತ್ತು, ಕ್ರ್ಯಾಂಕು ನೀಲಿಗಟ್ಟಿತ್ತು. ಬಾಗಿಲ ಪಕ್ಕದ ಸರ್ವೀಸ್ ಚೀಟಿಯಲ್ಲಿ ಕೊನೆಯ ಸಲ ಎಣ್ಣೆ ಬದಲಿಸಿದ್ದು 84,000 ಕಿಲೋಮೀಟರಿಗೆ. ಮೀಟರಿನಲ್ಲಿ 1,13,000. ಗಾಡಿಯ ಪುಸ್ತಕದಲ್ಲಿ ಹತ್ತು ಸಾವಿರಕ್ಕೊಮ್ಮೆ ಎಂದು ಬರೆದಿದೆ. ನಡುವೆ ಕಮ್ಮಿಯಾದಾಗ ಅರ್ಧ ಲೀಟರ್, ಕಾಲು ಲೀಟರ್ ಸುರಿದದ್ದಷ್ಟೇ. "ಇದು ಒಂದ್ ದಿವ್ಸದ್ ಕೆಲ್ಸ ಅಲ್ಲ. ವರ್ಷದಿಂದ ಸಾಯ್ತಾ ಇತ್ತು ಇದು. ಘಾಟೀಲಿ ಹೊಡೆದಿದ್ದು ಕೊನೇ ಪೆಟ್ಟು" ಎಂದರು ಮಿಸ್ತ್ರಿ.

ಕ್ರ್ಯಾಂಕ್ ಉಜ್ಜಿಸಿ ಹೊಸ ಚಿಪ್ಪು ಹಾಕುವ ದಾರಿ ಉಳಿದಿರಲಿಲ್ಲ. ಮಿಸ್ತ್ರಿ ಮತ್ತು ಅಣ್ಣ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋಗಿ ಎರಡು ದಿನ ಅಲೆದು ಅದೇ ಮಾದರಿಯ ಹಳೆ ಇಂಜಿನ್ ತಂದರು. ಹಳೆ ಇಂಜಿನ್ ಕೊಳ್ಳುವುದು ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ಹಾಗೆ. ಕೈಯಲ್ಲಿ ತಿರುಗಿಸಿ ನೋಡಬೇಕು. ಎಣ್ಣೆ ಮುಚ್ಚಳ ತೆಗೆದು ಒಳಗೆ ಜಿಡ್ಡಿದೆಯೋ, ನೀರು ಬೆರೆತ ಹಾಲು ಬಣ್ಣ ಇದೆಯೋ ನೋಡಬೇಕು. ಕಂಪ್ರೆಶನ್ ಅಳೆಸಬೇಕು. ಇಂಜಿನ್ ನಂಬರ್ ತಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಿಲ್ಲು ಪಡೆಯಬೇಕು; ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ.ಗೆ ಹೊಸ ನಂಬರ್ ಬರೆಸುವಾಗ ಅದು ಬೇಕು. ಕೂರಿಸುವ ಮೊದಲು ಮಿಸ್ತ್ರಿ ಅದರ ಚೇಂಬರೂ ಬಿಚ್ಚಿ ಜಾಲರಿ ತೊಳೆದರು. ಹಳೆಯದರಲ್ಲಿದ್ದ ಲೋಹದ ಪುಡಿ ಹೊಸದಕ್ಕೆ ಹೋಗಬಾರದೆಂದು ಎಣ್ಣೆ ಹರಿಯುವ ಯಾವ ಸಾಮಾನನ್ನೂ ಹಾಗೇ ಹಚ್ಚಲಿಲ್ಲ. ಹೊಸ ಎಣ್ಣೆ, ಹೊಸ ಫಿಲ್ಟರು. ಡೀಸೆಲ್ ತಡೆದು ಬರೀ ಸ್ಟಾರ್ಟರಿನಲ್ಲಿ ತಿರುಗಿಸಿದರು. ದೀಪ ಆರಿದ ಮೇಲೆಯೇ ಇಂಜಿನ್‌ಗೆ ಜೀವ ಕೊಟ್ಟರು. ಸಾವಿರ ಕಿಲೋಮೀಟರಿಗೆ ಈ ಎಣ್ಣೆಯನ್ನೂ ಚೆಲ್ಲಿ ಎಂದು ಚೀಟಿ ಅಂಟಿಸಿದರು. ಆ ಚೀಟಿಯನ್ನು ಧಣಿ ಓದಿದನೋ ಇಲ್ಲವೋ.

ಎಲ್ಲ ಸೇರಿ 65,000 ಆಯಿತು. ಧಣಿ ಅಣ್ಣನನ್ನು ಕರೆದು ಹೇಳಿದ: "ತಿಂಗ್ಳಿಗೆ ಐದ್ ಸಾವ್ರ ಮುರ್ಕೋತೀನಿ. ತೀರೋಗಂಟ ಬಿಟ್ಟೋಗಂಗಿಲ್ಲ." ಹದಿಮೂರು ತಿಂಗಳು.

ಅವ್ವ ಒಲೆ ಮುಂದೆ ಕೂತವಳು ಅಲ್ಲಿಂದಲೇ ಅಂದಳು: "ನಿಮ್ಮಜ್ಜ ಅದೇ ಮನೇಲಿ ಇನ್ನೂರು ರೂಪಾಯ್ಗೆ ಜೀತ ಇದ್ದ. ಈಗ ಇವ್ನು ಇಂಜಿನ್‌ಗೆ ಇರ್ಲಿ." ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಇದು ಆ ಕಾಯ್ದೆಯೊಳಗೆ ಬರುತ್ತದೋ ಇಲ್ಲವೋ ವಕೀಲರು ವಾದ ಮಾಡಲಿ. ಸಾಲ ತೀರುವವರೆಗೆ ಬಿಟ್ಟುಹೋಗುವಂತಿಲ್ಲ ಎಂಬ ಮಾತಿಗೆ ನಮ್ಮ ಕೇರಿಯಲ್ಲಿ ಬೇರೆ ಹೆಸರಿಲ್ಲ.

ಅಣ್ಣ ಕೆಲಸ ಬಿಟ್ಟ. ಎರಡು ತಿಂಗಳ ಸಂಬಳ ಧಣಿ ಹಿಡಿದುಕೊಂಡ. ಸಂಬಳದಲ್ಲಿ ನಷ್ಟ ಮುರಿದುಕೊಳ್ಳಬೇಕಾದರೆ ಆ ನಷ್ಟಕ್ಕೆ ನೌಕರನ ನಿರ್ಲಕ್ಷ್ಯವೇ ನೇರ ಕಾರಣವಾಗಿರಬೇಕು, ಮುರಿಯುವ ಮೊದಲು ಅವನ ಮಾತು ಕೇಳಬೇಕು. ಇದು 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಧಣಿಯ ಕಡೆಯ ವಕೀಲ, ಅವನು ಮನೆ ಆಳು, ನೌಕರನಲ್ಲ, ನೇಮಕದ ಕಾಗದ ಎಲ್ಲಿ ಎನ್ನುತ್ತಾನೆ. ಕಾಗದ ಕೊಡದವರೇ ಕಾಗದ ಕೇಳುತ್ತಾರೆ. ನಾಲ್ಕು ವರ್ಷ ಅವನು ಓಡಿಸಿದ್ದನ್ನು ಕಂಡ ಊರು ಇದೆ, ಪೆಟ್ರೋಲ್ ಬಂಕಿನ ಚೀಟಿಗಳಲ್ಲಿ ಅವನ ಸಹಿ ಇದೆ.

ಕಾರ್ಮಿಕ ಇಲಾಖೆಗೆ ಅರ್ಜಿ ನಾನೇ ಬರೆದೆ. ಸರ್ವೀಸ್ ಚೀಟಿಯ ಫೋಟೋ, ಮೀಟರಿನ ಫೋಟೋ, ಗುಜರಿ ಅಂಗಡಿಯ ಬಿಲ್ಲು ಲಗತ್ತಿಸಿದ್ದೇವೆ. ಸುಟ್ಟ ಚಿಪ್ಪುಗಳನ್ನು ಮಿಸ್ತ್ರಿ ಎಸೆಯದೆ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಹಾಕಿಕೊಟ್ಟರು, ಅವ್ವ ಅದನ್ನು ಮಾಡದಲ್ಲಿಟ್ಟಿದ್ದಾಳೆ. ಮುಂದಿನ ತಿಂಗಳು ವಿಚಾರಣೆ. ಅವತ್ತು ಗ್ಯಾರೇಜ್ ಬಾಗಿಲು ಹಾಕಿ ಬರುತ್ತೇನೆಂದು ಮಿಸ್ತ್ರಿ ಹೇಳಿದ್ದಾರೆ.