ಹಾಸಿದೆ, ಹೊಕ್ಕೆಲ್ಲಿ?

ಅತಿಥಿ ಉಪನ್ಯಾಸಕ್ಕೆ ಕೊಯಮತ್ತೂರಿನ ಕಡೆ ಒಂದು ಶಾಸ್ತ್ರವೇ ಇದೆ. ಮೊದಲು ತಮಿಳುತಾಯಿಯ ವಂದನೆ, ಆಮೇಲೆ ಕುತ್ತುವಿಳಕ್ಕು, ಅದರ ಬೆನ್ನಿಗೆ ಪೊನ್ನಾಡೈ. ಬಂದವರು ನಕ್ಷತ್ರದವರಿರಲಿ, ಪರಮಾಣುವಿನವರಿರಲಿ, ಏಪ್ರಿಲ್ ಸೆಕೆಯಲ್ಲೂ ಜರಿ ಶಾಲು ಹೊದ್ದುಕೊಂಡೇ ಕೂರಬೇಕು. ಪರಿಚಯ ಭಾಷಣದಲ್ಲಿ ಅತಿಥಿ ಹುಟ್ಟಿ, ಬೆಳೆದು, ಡಾಕ್ಟರೇಟ್ ಮುಗಿಸಿ ವೇದಿಕೆಗೆ ಬರುವಷ್ಟರಲ್ಲಿ ಅರ್ಧ ಹೊತ್ತು ಕಳೆದಿರುತ್ತದೆ. ಉಪನ್ಯಾಸ ಮುಗಿದ ಮೇಲೆ 'ಯಾರಿಗಾದರೂ ಪ್ರಶ್ನೆ?' ಎಂದರೆ ಸಭೆಯೆಲ್ಲ ನೆಲ ನೋಡುತ್ತದೆ. ಹೊರಗಿನಿಂದ ಉದ್ದಿನ ವಡೆಯ ವಾಸನೆ ಬರುತ್ತಿರುತ್ತದೆ.

ಅಚ್ಚಾದ ಪ್ರಬಂಧ ಓದಿಕೊಂಡರೆ ಸಾಲದೇ, ಮನುಷ್ಯನನ್ನೇ ಯಾಕೆ ಕರೆಸಬೇಕು ಎನ್ನುವವರುಂಟು. ಅಂಥವರಿಗೆ ನಾನು ರಾಮನ್ ಕಥೆ ಹೇಳುತ್ತೇನೆ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಹೊಸ ಬೆಳಕು ಕಂಡ ರಾಮನ್, ಮಾರ್ಚ್ 16ಕ್ಕೆ ಬೆಂಗಳೂರಿಗೆ ಬಂದು ದಕ್ಷಿಣ ಭಾರತ ವಿಜ್ಞಾನ ಸಂಘದವರ ಮುಂದೆ ಅದನ್ನು ವಿವರಿಸಿದರು. ಆ ಭಾಷಣವೇ ತಿಂಗಳ ಕೊನೆಗೆ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚಾಯಿತು. ಮೊದಲು ಮಾತು, ಆಮೇಲೆ ಪ್ರಬಂಧ. ಅಂದು ಆ ಸಭೆಯಲ್ಲಿ ಎಷ್ಟು ಮಂದಿ ವಡೆಯ ಯೋಚನೆಯಲ್ಲಿದ್ದರೋ!

ನಮ್ಮದು ಸಿರುಮುಗೈಯ ದೇವಾಂಗರ ಮನೆ. ಒಳಗೆ ಕನ್ನಡ, ಬೀದಿಗಿಳಿದರೆ ತಮಿಳು, ಭೌತಶಾಸ್ತ್ರಕ್ಕೆ ಇಂಗ್ಲಿಷು. ನಾನು ಎಂ.ಎಸ್ಸಿ.ಗೆ ಸೇರಿದಾಗ ಮರುದಮಲೈ ಬುಡದ ಭಾರತಿಯಾರ್ ವಿಶ್ವವಿದ್ಯಾಲಯಕ್ಕೆ (ಅದು ಹುಟ್ಟಿದ್ದು 1982ರಲ್ಲಿ) ಇನ್ನೂ ಎಳೆ ಪ್ರಾಯ. ಈ ಸೀಮೆಯ ಭೌತಶಾಸ್ತ್ರದವರಿಗೆ ಹತ್ತಿರದ ನೆಂಟರೆಂದರೆ ಊಟಿಯವರು. ಬೆಳಿಗ್ಗೆ ಘಾಟಿಯಿಳಿದು ಬಂದು, ಆಕಾಶದ ಮಾತಾಡಿ, ಸಂಜೆ ಮೇಟುಪಾಳಯಂ ದಾರಿ ಹಿಡಿಯುವವರು.

ಅವರಲ್ಲೊಬ್ಬರು ಮುತ್ತೊರೈಯ ರೇಡಿಯೊ ದೂರದರ್ಶಕದ ಬಗ್ಗೆ ಮಾತಾಡಲು ಬರುವವರಿದ್ದರು. ಗೋವಿಂದ ಸ್ವರೂಪ್ ಮತ್ತು ಟಾಟಾ ಸಂಸ್ಥೆಯ ಅವರ ತಂಡ 1970ರಲ್ಲಿ ಕಟ್ಟಿ ಮುಗಿಸಿದ ಯಂತ್ರ ಅದು. ಉದ್ದ 530 ಮೀಟರ್, ಅಗಲ 30. ಅಲ್ಲಿಯ ಅಕ್ಷಾಂಶ ಹನ್ನೊಂದು ಡಿಗ್ರಿ. ಸರಿಯಾಗಿ ಅಷ್ಟೇ ವಾಲಿದ ಗುಡ್ಡ ಹುಡುಕಿ ಅದರ ಮೇಲೆ ಮಲಗಿಸಿದರು. ಹಾಗಾಗಿ ಯಂತ್ರದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಯಿತು. ಒಂದೇ ದಿಕ್ಕಿಗೆ ಮೆಲ್ಲಗೆ ಹೊರಳಿಸುತ್ತಿದ್ದರೆ ಸಾಕು, ಆಕಾಶದ ಒಂದೇ ಬಿಂದುವನ್ನು ಒಂಬತ್ತೂವರೆ ಗಂಟೆ ಹಿಂಬಾಲಿಸಬಹುದು. ಕನ್ನಡಿಯೆಂದರೆ 24 ಉಕ್ಕಿನ ಕಮಾನುಗಳು, ಅವುಗಳ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ 1,100 ಸ್ಟೀಲ್ ತಂತಿಗಳು.

ಉಪನ್ಯಾಸದ ಹಿಂದಿನ ವಾರ ಅದರ ಚಿತ್ರವನ್ನು ಅಪ್ಪನಿಗೆ ತೋರಿಸಿದೆ. ಕುಳಿಮಗ್ಗದಿಂದ ಏಳದೆ, ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು. ತಂತಿಗಳ ಮೇಲೆ ಉಗುರು ಆಡಿಸಿ, "ಹಾಸೇನೋ ಚೆನ್ನಾಗಿ ಎಳೆದವ್ರೆ. ಹೊಕ್ಕೆಲ್ಲಿ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಸಭೆಯಲ್ಲಿ ಕೇಳಲು ಬಾಯಿ ಬರಲಿಲ್ಲ. ಕಾಫಿಯ ಹೊತ್ತಿಗೆ ಅತಿಥಿಯ ಪಕ್ಕ ನುಸುಳಿ ಕೇಳಿದೆ. ಅವರು ವಡೆ ಕೆಳಗಿಟ್ಟು, ಆಮಂತ್ರಣ ಪತ್ರ ಮಗುಚಿ ಗೆರೆ ಎಳೆಯತೊಡಗಿದರು. ತರಂಗದ ಕಂಪನ ತಂತಿಯ ಉದ್ದಕ್ಕಿದ್ದರೆ ತಂತಿ ಅದನ್ನು ಹಿಂದಕ್ಕೆ ಕಳಿಸುತ್ತದೆ, ಅಡ್ಡಕ್ಕಿದ್ದರೆ ಅದು ತೂರಿಹೋಗುತ್ತದೆ. ಮೇಲೆ ಸಾಲಾಗಿ ಕೂತ ಡೈಪೋಲುಗಳು ಹಿಡಿಯುವುದೂ ಉದ್ದಕ್ಕಿರುವುದನ್ನೇ. ಬರುವ ತರಂಗದ ಅಳತೆ ಸುಮಾರು 92 ಸೆಂಟಿಮೀಟರ್, ತಂತಿಗಳ ನಡುವಿನ ಸಂದಿ ಅದರ ಮುಂದೆ ಲೆಕ್ಕಕ್ಕಿಲ್ಲ. ಅಡ್ಡ ತಂತಿ ಹಾಕಿದರೆ ತೂಕ ಹೆಚ್ಚು, ಗುಡ್ಡದ ಗಾಳಿಯ ಹೊಡೆತವೂ ಹೆಚ್ಚು. ಹೇಳುತ್ತ ಹೇಳುತ್ತ ಅವರು ಶಾಲು ತೆಗೆದು ಕುರ್ಚಿಗೆ ಎಸೆದಿದ್ದರು. ಸುತ್ತ ಹತ್ತು ಹುಡುಗರು ಸೇರಿದ್ದರು. ಅತ್ತ ಕಾರಿನವನು ಹಾರನ್ ಬಾರಿಸುತ್ತಿದ್ದ. ಒಳಗೆ ಆದದ್ದಕ್ಕಿಂತ ಇದೇ ಒಳ್ಳೆಯ ಉಪನ್ಯಾಸ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅದೇ ನನ್ನ ಮತ.

ಮನೆಗೆ ಬಂದು ಅಪ್ಪನಿಗೆ ಎಲ್ಲ ಒಪ್ಪಿಸಿದೆ. ಲಾಳಿ ಹೊಡೆಯುತ್ತಲೇ ಕೇಳಿಸಿಕೊಂಡು, "ಹೊಕ್ಕೇ ಇಲ್ದೆ ಕೆಲಸ ಮುಗಿಸವ್ರೆ ಅಂದ್ರೆ ಅರ್ಧ ಕೂಲಿ ಉಳಿಸಿದಂಗಾಯ್ತು. ನಮ್ ಮುದಲಾಳಿ ಕಿವಿಗೆ ಮಾತ್ರ ಹಾಕಬೇಡ" ಎಂದರು.