ಚೆಂದದ ಗೋಡೆಗಳ ಮೇಲಿನ ಬೆರಳಚ್ಚು

ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಯಾವ ದೇಶದ ಬಂದರು ಊರೂ ತೀರಾ ಅಪರಿಚಿತ ಅನ್ನಿಸುವುದಿಲ್ಲ. ಉಪ್ಪು ಗಾಳಿ, ನಿಲ್ಲದ ಬೆವರು, ಉಬ್ಬರ ಇಳಿತದ ಲೆಕ್ಕಾಚಾರ ಎಲ್ಲ ಕಡೆಯೂ ಒಂದೇ. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದಲ್ಲಿ ಮೂರು ದಿನ ಓಡಾಡಿದಾಗ ನಮಗೂ ಹಾಗೆಯೇ ಅನ್ನಿಸಿತು. 1670ರಲ್ಲಿ ಇಂಗ್ಲಿಷರು ಸ್ಥಾಪಿಸಿದ ಊರಿದು. ಆ್ಯಶ್ಲಿ ಮತ್ತು ಕೂಪರ್ ಎಂಬ ಎರಡು ನದಿಗಳ ನಡುವೆ ನಾಲಗೆಯಂತೆ ಸಮುದ್ರದ ಕಡೆಗೆ ಚಾಚಿಕೊಂಡಿದೆ. ಮಳೆ ಬಾರದ ದಿನವೂ ದೊಡ್ಡ ಉಬ್ಬರವಿದ್ದರೆ ಕೆಲವು ಬೀದಿಗಳಿಗೆ ನೀರು ನುಗ್ಗುತ್ತದೆ.

ಇಲ್ಲಿನ ಹಳೆಯ ಮನೆಗಳನ್ನು ನೋಡುತ್ತ ನಡೆಯುವುದೇ ಒಂದು ಸುಖ. 'ಸಿಂಗಲ್ ಹೌಸ್' ಎಂದು ಕರೆಯುವ ಇವು ಒಂದು ಕೋಣೆಯಷ್ಟು ಮಾತ್ರ ಅಗಲ. ಕಿರಿದಾದ ಪಕ್ಕವನ್ನು ಬೀದಿಗೆ ಕೊಟ್ಟು ಹಿಂದಕ್ಕೆ ಉದ್ದವಾಗಿ ಹೋಗುತ್ತವೆ. ಉದ್ದನೆಯ ಪಕ್ಕಕ್ಕೆ, ಹೆಚ್ಚಾಗಿ ದಕ್ಷಿಣಕ್ಕೆ ಅಥವಾ ಪಶ್ಚಿಮಕ್ಕೆ, ಎರಡು ಮೂರು ಅಂತಸ್ತಿನ ಜಗಲಿ. ಸಮುದ್ರದ ಗಾಳಿ ಅಲ್ಲಿಂದ ಮನೆಯೊಳಗೆ ಹೋಗಬೇಕು. ಬೀದಿ ಬಾಗಿಲು ತೆರೆದರೆ ಸಿಗುವುದು ಮನೆಯಲ್ಲ, ಈ ಜಗಲಿ. ಆ ಬಾಗಿಲು ತೆರೆದಿದ್ದರೆ ಅತಿಥಿಗಳು ಬರಬಹುದು, ಮುಚ್ಚಿದ್ದರೆ ಮನೆಯವರಿಗೆ ಏಕಾಂತ ಬೇಕು ಎಂಬುದು ಹಳೆಯ ಸಂಪ್ರದಾಯವಂತೆ. ಒಬ್ಬರ ಜಗಲಿಯ ಕಡೆಗೆ ಪಕ್ಕದ ಮನೆಯವರು ಇಣುಕಬಾರದೆಂಬ ಮರ್ಯಾದೆಯೂ ಇತ್ತಂತೆ. ಇಂತಹ ಸೂಕ್ಷ್ಮಗಳನ್ನು ಕೇಳುವಾಗ ನಮ್ಮ ಹಿರಿಯರ ಮನೆಗಳು ನೆನಪಾದವು.

ಈಸ್ಟ್ ಬೇ ಬೀದಿಯಲ್ಲಿ ತಿಳಿಗುಲಾಬಿ, ಹಳದಿ, ನೀಲಿ ಬಣ್ಣದ 13 ಮನೆಗಳ ಸಾಲಿದೆ. ಹೆಸರು 'ರೇನ್‌ಬೋ ರೋ'. 18ನೇ ಶತಮಾನದ ಈ ವರ್ತಕರ ಮನೆಗಳು ಪಾಳುಬಿದ್ದಿದ್ದವು. 1930ರ ದಶಕದಲ್ಲಿ ಅವನ್ನು ದುರಸ್ತಿ ಮಾಡಿ ಬಣ್ಣ ಬಳಿಯುವ ಕೆಲಸ ಶುರುವಾಯಿತು. ಅನೇಕ ಗೋಡೆಗಳ ಮೇಲೆ ಕಬ್ಬಿಣದ ದುಂಡು ಬಿಲ್ಲೆಗಳು ಕಾಣುತ್ತವೆ. ಅಲಂಕಾರವಿರಬೇಕೆಂದುಕೊಂಡು ವಿಚಾರಿಸಿದರೆ, 1886ರ ಆಗಸ್ಟ್ 31ರ ಭೂಕಂಪದ ಬಳಿಕ ಬಿರುಕು ಬಿಟ್ಟ ಗೋಡೆಗಳನ್ನು ಕಬ್ಬಿಣದ ಸರಳುಗಳಿಂದ ಬಿಗಿದಿದ್ದರ ಗುರುತು ಅವು. 1931ರಲ್ಲಿ ಈ ನಗರ ತನ್ನ ಹಳೆಯ ಪ್ರದೇಶದ ರಕ್ಷಣೆಗೆ ಕಾನೂನು ಮಾಡಿತು. ಅಮೆರಿಕದಲ್ಲಿ ಅಂತಹ ಮೊದಲ ಕಾನೂನು ಅದು. ಹಳತನ್ನು ಕೆಡವುವುದೇ ಅಭಿವೃದ್ಧಿ ಎಂದು ನಂಬಿರುವ ನಾವು ಇದರಿಂದ ಕಲಿಯಬೇಕಾದದ್ದಿದೆ.

ಆದರೆ ಗೋಡೆಗಳ ಹತ್ತಿರ ಹೋಗಿ ನೋಡಿದಾಗ ಇನ್ನೊಂದು ಸಂಗತಿ ಕಾಣಿಸಿತು. ಕೆಲವು ಹಳೆಯ ಇಟ್ಟಿಗೆಗಳ ಮೇಲೆ ಬೆರಳಿನ ಗುರುತುಗಳಿವೆ. ಹಸಿ ಇಟ್ಟಿಗೆಯನ್ನು ಎತ್ತಿ ಒಣಗಲು ಇಟ್ಟವರ ಬೆರಳುಗಳು. ಕೆಲವು ತೀರಾ ಸಣ್ಣವು, ಮಕ್ಕಳವು. ಇಟ್ಟಿಗೆ ಮಾಡಿದವರು ಆಫ್ರಿಕದಿಂದ ತಂದ ಗುಲಾಮರು ಮತ್ತು ಅವರ ಸಂತತಿ. ಮನೆಯ ಯಜಮಾನರ ಹೆಸರುಗಳು ಫಲಕಗಳಲ್ಲಿವೆ. ಕಟ್ಟಿದವರದೆಂದು ಉಳಿದಿರುವುದು ಈ ಬೆರಳಚ್ಚು ಮಾತ್ರ.

ಉತ್ತರ ಅಮೆರಿಕಕ್ಕೆ ತಂದ ಆಫ್ರಿಕನ್ ಗುಲಾಮರಲ್ಲಿ ಸುಮಾರು ಶೇ. 40ರಷ್ಟು ಮಂದಿ ಈ ಬಂದರಿನ ಮೂಲಕವೇ ಬಂದರೆಂದು ಅಂದಾಜು. ದುಂಡು ಕಲ್ಲು ಹಾಸಿದ ಚಾಮರ್ಸ್ ಬೀದಿಯಲ್ಲಿ 1859ರ ಗುಲಾಮರ ಹರಾಜು ಕಟ್ಟೆ ಇಂದು ವಸ್ತುಸಂಗ್ರಹಾಲಯ. ಅವರನ್ನು ತಂದದ್ದು ಬರೀ ತೋಳ್ಬಲಕ್ಕಾಗಿ ಅಲ್ಲ. ಪಶ್ಚಿಮ ಆಫ್ರಿಕದ ಭತ್ತದ ಸೀಮೆಯವರಿಗೆ ಇಲ್ಲಿ ಹೆಚ್ಚು ಬೇಡಿಕೆ ಇತ್ತು. ಜೌಗು ನೆಲಕ್ಕೆ ಕಟ್ಟ ಕಟ್ಟಿ, ಉಬ್ಬರ ಇಳಿತಕ್ಕೆ ತಕ್ಕಂತೆ ಬಾಗಿಲು ತೆಗೆದು ಹಾಕಿ, ಗದ್ದೆಗೆ ಸಿಹಿನೀರು ಹಾಯಿಸಿ ಅವರು ಬೆಳೆದ ಭತ್ತವೇ ಈ ನಗರದ ಸಂಪತ್ತು. ಅಘನಾಶಿನಿ ತೀರದ ಗಜನಿ ಗದ್ದೆಗಳನ್ನು ಕಂಡವರಿಗೆ ಆ ದುಡಿಮೆ ಎಂತಹದೆಂದು ಊಹಿಸಬಹುದು. ಹಳೆಯ ಮಾರುಕಟ್ಟೆಯಲ್ಲಿ ಅವರ ವಂಶದ ಹೆಂಗಸರು ಇಂದಿಗೂ ಹುಲ್ಲಿನ ಬುಟ್ಟಿ ಹೆಣೆಯುತ್ತಾರೆ. ಅದರಲ್ಲಿ ಅಗಲವಾದ ಒಂದು ಬುಟ್ಟಿ, ನಮ್ಮ ಗೆರಸೆಯಂತೆ, ಅಕ್ಕಿ ಕೇರಲು ಇದ್ದದ್ದು.

1807ರಲ್ಲಿ ಇಲ್ಲಿಗೆ ಬಂದ ಹಡಗೊಂದರಲ್ಲಿ ಉಮರ್ ಇಬ್ನ್ ಸಈದ್ ಇದ್ದರು. ಇಂದಿನ ಸೆನೆಗಲ್‌ನ ಫೂಟಾ ತೋರೊ ಪ್ರದೇಶದಲ್ಲಿ 25 ವರ್ಷ ವಿದ್ಯಾರ್ಜನೆ ಮಾಡಿದ್ದ ವಿದ್ವಾಂಸ. ಚಾರ್ಲ್ಸ್‌ಟನ್‌ನಲ್ಲಿ ಅವರನ್ನು ಮಾರಲಾಯಿತು. ಹೊರದೇಶದಿಂದ ಗುಲಾಮರನ್ನು ತರುವುದಕ್ಕೆ ಅಮೆರಿಕ ನಿಷೇಧ ಹೇರಿದ್ದು 1808ರ ಜನವರಿ 1ರಂದು. ಒಂದು ವರ್ಷದೊಳಗಿನ ಅಂತರದಲ್ಲಿ ಒಬ್ಬ ಮನುಷ್ಯನ ಇಡೀ ಬದುಕು ಹೋಯಿತು. ಕ್ರೂರ ಯಜಮಾನನಿಂದ ತಪ್ಪಿಸಿಕೊಂಡು ಓಡಿದ ಅವರು ಉತ್ತರ ಕೆರೊಲಿನಾದಲ್ಲಿ ಸಿಕ್ಕಿಬಿದ್ದರು. ಜೈಲಿನ ಗೋಡೆಯ ಮೇಲೆ ಅರಬಿಯಲ್ಲಿ ಬರೆದರು. 1831ರಲ್ಲಿ ಅರಬಿಯಲ್ಲೇ ಆತ್ಮಕಥೆ ಬರೆದರು. ಅವರು ಕ್ರೈಸ್ತರಾದರೆಂದು ಅಂದಿನವರು ಹೇಳಿಕೊಂಡರು. ಆದರೆ ಆತ್ಮಕಥೆಯ ಆರಂಭದಲ್ಲಿರುವುದು ಕುರ್‌ಆನಿನ ಸೂರಃ ಅಲ್‌ಮುಲ್ಕ್, ಒಡೆತನವೆಲ್ಲ ಅಲ್ಲಾಹನದೆಂದು ಸಾರುವ ಅಧ್ಯಾಯ. ತನ್ನ ಮೇಲೆ ಒಡೆತನ ಸಾಧಿಸಿದವರ ಮನೆಯಲ್ಲಿ ಕುಳಿತು ಬರೆಯುವವನು ಇದಕ್ಕಿಂತ ದೊಡ್ಡ ಮಾತು ಏನು ಹೇಳಬೇಕು? ಬಿಡುಗಡೆ ಕಾಣದೆಯೇ ಅವರು ತೀರಿಕೊಂಡರು. 2022ರಲ್ಲಿ ಇದೇ ಚಾರ್ಲ್ಸ್‌ಟನ್‌ನಲ್ಲಿ ಅವರ ಬದುಕಿನ ಸಂಗೀತ ನಾಟಕ 'ಉಮರ್' ಮೊದಲ ಪ್ರದರ್ಶನ ಕಂಡಿತು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು.

ಇದೆಲ್ಲ ಮುಗಿದ ಕಥೆಯೇ? ಅಲ್ಲ. ಕರಿಯರ ಪುರಾತನ ಸಭೆಯಾದ ಇಮ್ಯಾನುಯೆಲ್ ಚರ್ಚಿನಲ್ಲಿ 2015ರ ಜೂನ್ 17ರ ರಾತ್ರಿ, ಬೈಬಲ್ ಓದಲು ಸೇರಿದ್ದವರ ಜೊತೆ ಕುಳಿತಿದ್ದ ಬಿಳಿಯ ಯುವಕನೊಬ್ಬ ಒಂಬತ್ತು ಜನರನ್ನು ಗುಂಡಿಟ್ಟು ಕೊಂದ. ಎರಡು ದಿನಗಳ ನಂತರ ನ್ಯಾಯಾಲಯದಲ್ಲಿ ಸತ್ತವರ ಬಂಧುಗಳಲ್ಲಿ ಕೆಲವರು ಅವನನ್ನು ಕ್ಷಮಿಸಿದೆವೆಂದರು. 2018ರ ಜೂನ್‌ನಲ್ಲಿ ನಗರಸಭೆ ಗುಲಾಮಗಿರಿಯಲ್ಲಿ ತನ್ನ ಪಾಲಿಗಾಗಿ ಕ್ಷಮೆ ಕೇಳಿತು. 2020ರಲ್ಲಿ ಗುಲಾಮಗಿರಿಯ ಪ್ರಬಲ ಸಮರ್ಥಕ ಜಾನ್ ಕ್ಯಾಲ್‌ಹೂನ್‌ನ ಪ್ರತಿಮೆಯನ್ನು ಎತ್ತರದ ಕಂಬದಿಂದ ಇಳಿಸಿತು. 2023ರಲ್ಲಿ ಗುಲಾಮರ ಹಡಗುಗಳು ನಿಲ್ಲುತ್ತಿದ್ದ ಗ್ಯಾಡ್ಸ್‌ಡನ್ ಧಕ್ಕೆಯಲ್ಲಿ ಆಫ್ರಿಕನ್ ಅಮೆರಿಕನ್ನರ ವಸ್ತುಸಂಗ್ರಹಾಲಯ ತೆರೆಯಿತು. ಆ ಕಟ್ಟಡ 18 ಕಂಬಗಳ ಮೇಲೆ, ನೆಲದಿಂದ 13 ಅಡಿ ಎತ್ತರದಲ್ಲಿ ನಿಂತಿದೆ. ಕೆಳಗಿನ ನೆಲವನ್ನು ಖಾಲಿ ಬಿಟ್ಟಿದ್ದಾರೆ. ಅಲ್ಲಿ ನಡೆಯುವಾಗ ನಾವು ಯಾರೂ ಮಾತಾಡಲಿಲ್ಲ.

ಚೆಂದದ ಊರನ್ನು ಚೆಂದವೆನ್ನುವುದರಲ್ಲಿ ತಪ್ಪಿಲ್ಲ. ಜಗಲಿಯ ಗಾಳಿ, ಗೋಡೆಯ ಬಣ್ಣ, ಕುಶಲಕರ್ಮಿಯ ಕೈಚಳಕ ಇವು ಯಾವುವೂ ಸುಳ್ಳಲ್ಲ. ಆದರೆ ಮೆಚ್ಚುವುದರ ಜೊತೆಗೆ ಯಾರು ಕಟ್ಟಿದರು, ಅವರಿಗೆ ಏನು ಸಿಕ್ಕಿತು ಎಂದು ಕೇಳುವುದೂ ನೋಡುವವರ ಹೊಣೆ. ಅರಮನೆ, ಕೋಟೆ, ದೊಡ್ಡ ಮನೆತನಗಳ ಮನೆಗಳು ನಮ್ಮ ನಾಡಿನಲ್ಲೂ ಬೇಕಾದಷ್ಟಿವೆ. ಅವುಗಳ ಕಲ್ಲು ಹೊತ್ತವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?