ಕೊಕ್ಕರೆ ಬೆಳ್ಳೂರಲ್ಲಿ ‘ಬೆರ್ಳು ತೋರ್ಸು’ ಅಂದ ಅಜ್ಜಿ

2024ರ ಏಪ್ರಿಲ್ 26, ಶುಕ್ರವಾರ. ಲೋಕಸಭಾ ಚುನಾವಣೆಗೆ ಬೆಂಗಳೂರಲ್ಲಿ ಮತದಾನದ ದಿನ. ನಮ್ಮ ಟೀಮಿನ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಮಾತ್ರ ಅದಕ್ಕೆ ಬೇರೆ ಹೆಸರು: ಲಾಂಗ್ ವೀಕೆಂಡ್.

ನನ್ನ ಹೆಸರು ಇನ್ನೂ ತಿಪಟೂರಿನ ಮತಪಟ್ಟಿಯಲ್ಲೇ ಇತ್ತು. ಒಂದು ಓಟಿಗೋಸ್ಕರ ಅಲ್ಲಿಗೆ ಹೋಗೋರು ಯಾರು ಅಂತ ಸುಮ್ಮನಾಗಿದ್ದೆ. ಜೊತೆಗಿದ್ದ ಇಬ್ಬರು ಗೆಳೆಯರ ಹೆಸರು ಬೆಂಗಳೂರಲ್ಲೇ ಇತ್ತು. ಆದರೂ ‘ಯಾರು ಬಂದರೂ ಅಷ್ಟೇ ಬಿಡೋ’ ಅನ್ನೋದು ಅವರ ವಾದ. ಬೆಳಿಗ್ಗೆ ಐದೂವರೆಗೆ ಕಾರು ಹತ್ತಿದೆವು. ಕೊಕ್ಕರೆ ಬೆಳ್ಳೂರಿಗೆ ಹೋಗಿ, ಹಕ್ಕಿ ನೋಡಿ, ಮದ್ದೂರು ವಡೆ ತಿಂದು, ಮೈಸೂರಲ್ಲಿ ಉಳಿಯೋದು ಪ್ಲಾನ್.

ಬೆಂಗಳೂರಿನಿಂದ ಸುಮಾರು ಎಂಬತ್ತು ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇಯಲ್ಲಿ ಹೋದರೆ ರಾಮನಗರ, ಚನ್ನಪಟ್ಟಣ ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ. ಚನ್ನಪಟ್ಟಣ ದಾಟಿ, ಮದ್ದೂರಿಗೆ ಮುಂಚೆಯೇ ಸರ್ವಿಸ್ ರೋಡಿಗೆ ಇಳಿದು ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕು. ಅಲ್ಲಿಂದ ಹನ್ನೆರಡು ಕಿಲೋಮೀಟರ್ ಹಳ್ಳಿ ರಸ್ತೆ. ಗದ್ದೆ, ತೆಂಗು, ಹಿಪ್ಪುನೇರಳೆ, ಅಲ್ಲಲ್ಲಿ ಕಬ್ಬು. ಆ ವರ್ಷ ಬರಗಾಲ. ನೀರು ಕಾಣದ ಕಬ್ಬು ಅರ್ಧ ಎತ್ತರಕ್ಕೇ ಒಣಗಿ ಬಿಳುಚಿಕೊಂಡಿತ್ತು.

ಕೊಕ್ಕರೆ ಬೆಳ್ಳೂರಿನ ವಿಶೇಷ ಏನೆಂದರೆ ಇಲ್ಲಿ ಪಕ್ಷಿಧಾಮದ ಗೇಟೂ ಇಲ್ಲ, ಬೇಲಿಯೂ ಇಲ್ಲ. ಹಕ್ಕಿಗಳು ಊರೊಳಗಿನ ಮರಗಳಲ್ಲೇ, ಮನೆಗಳ ನೆತ್ತಿಯ ಮೇಲೇ ಗೂಡು ಕಟ್ಟುತ್ತವೆ. ಹಿತ್ತಿಲ ಹುಣಸೆಮರದಲ್ಲಿ ಹೆಜ್ಜಾರ್ಲೆ, ಬೀದಿಯ ಅರಳಿಮರದಲ್ಲಿ ಬಣ್ಣದ ಕೊಕ್ಕರೆ. ಚಳಿಗಾಲದಲ್ಲಿ ಬಂದು, ಮೊಟ್ಟೆಯಿಟ್ಟು, ಮರಿಗಳಿಗೆ ಹಾರೋದು ಕಲಿಸಿ, ಮುಂಗಾರಿನ ಹೊತ್ತಿಗೆ ಹೊರಡುತ್ತವೆ. ಪಕ್ಕದಲ್ಲೇ ಶಿಂಷಾ ನದಿ, ಸುತ್ತ ಕೆರೆಗಳು. ಮೀನು ಸಿಗೋದು ಅಲ್ಲಿ. ನೂರು ವರ್ಷದ ಹಿಂದೆ ಪ್ಲೇಗ್ ಬಂದು ಊರು ನದಿಯ ದಡದಿಂದ ಇಲ್ಲಿಗೆ ಎದ್ದು ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಕತೆ ಹೇಳುತ್ತಾರೆ.

ಹೊರಗಿನ ಜಗತ್ತಿಗೆ ಈ ಊರು ಚೆನ್ನಾಗಿ ಪರಿಚಯವಾದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರಿಂದ. ಗೂಡಿರುವ ಹುಣಸೆಮರದ ಹಣ್ಣು ಬಡಿಯುವ ಹಾಗಿಲ್ಲ, ಮರ ಕಡಿಯುವ ಹಾಗಿಲ್ಲ. ಆ ನಷ್ಟಕ್ಕೆ ಮರಕ್ಕೆ ಇಷ್ಟು ಅಂತ ಅರಣ್ಯ ಇಲಾಖೆ ಮಾಲೀಕರಿಗೆ ಹಣ ಕೊಡುವ ಪದ್ಧತಿ ಬಂತು. 2007ರಲ್ಲಿ ಊರು ‘ಸಮುದಾಯ ಮೀಸಲು’ ಆಯಿತು. ಗೂಡಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಹುಡುಗರೇ ಸೇರಿದ ‘ಹೆಜ್ಜಾರ್ಲೆ ಬಳಗ’ವೂ ಇದೆ.

ನಾವು ಹೋದಾಗ ಎಂಟು ಗಂಟೆ. ಮರಿಗಳು ಆಗಲೇ ದೊಡ್ಡವಾಗಿ ಗೂಡಿನ ಅಂಚಲ್ಲಿ ರೆಕ್ಕೆ ಬಡೀತಿದ್ದವು. ಕತ್ತೆತ್ತಿ ಫೋಟೋ ತೆಗೀತಿದ್ದಾಗ ಜಗುಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಕರೆದರು.

“ಯಾವೂರ್ ಮಕ್ಳಾ?”

“ಬೆಂಗಳೂರು ಅಜ್ಜಿ.”

“ಓಟ್ ಆಕ್ಬುಟ್ಟು ಬಂದ್ರಾ?”

ನಾನು ಸುಮ್ಮನೆ ನಕ್ಕೆ. ಅಜ್ಜಿ ನಗಲಿಲ್ಲ. “ಎಲ್ಲಿ, ಬೆರ್ಳು ತೋರ್ಸು” ಅಂದರು. ಅವರ ಎಡಗೈ ತೋರುಬೆರಳಲ್ಲಿ ಶಾಯಿ ಆಗಲೇ ಒಣಗಿತ್ತು. ಏಳು ಗಂಟೆಗೆ ಬೂತ್ ತೆಗೆದ ತಕ್ಷಣ ಹೋಗಿ ಬಂದಿದ್ದರಂತೆ. ಮೂವರು ಎಂಜಿನಿಯರುಗಳು ಬೆರಳನ್ನು ಜೇಬಲ್ಲಿ ಇಟ್ಟುಕೊಂಡು ನಿಂತಿದ್ದೆವು. ದೇಶಕ್ಕೆಲ್ಲ ಆ ಶಾಯಿ ಹೋಗೋದು ನಾವು ಸಂಜೆ ತಲುಪಬೇಕಿದ್ದ ಮೈಸೂರಿನ ಕಾರ್ಖಾನೆಯಿಂದಲೇ.

ಪಕ್ಕದ ಟೀ ಅಂಗಡಿಯಲ್ಲಿ ಅರವತ್ತು ದಾಟಿದ ಯಜಮಾನರೊಬ್ಬರು ಇದನ್ನೆಲ್ಲ ಕೇಳಿಸಿಕೊಂಡು ಬೆಂಚಲ್ಲಿ ಜಾಗ ಬಿಟ್ಟುಕೊಟ್ಟರು. ಅವರ ಬೆರಳಲ್ಲೂ ಶಾಯಿ. ನಾನು ಸಮರ್ಥನೆಗೆ ಇಳಿದೆ. “ಯಾರು ಬಂದ್ರೂ ಏನೂ ಬದಲಾಗಲ್ಲ ಅಲ್ವಾ ಯಜಮಾನ್ರೇ?”

“ಬದಲಾಗಲ್ಲ ಅಂತ ನಿಂಗ್ಯಾರೇಳಿದ್ದು? ಎಲ್ಲಾರ್ನೂ ನೋಡಿದ್ದೀವಿ ಕಣಪ್ಪ. ಒಬ್ರುನ್ನೂ ಬುಟ್ಟಿಲ್ಲ.”

ಅವರ ಮಾತಲ್ಲಿ ಲೆಕ್ಕ ಇತ್ತು. 2018ರ ವಿಧಾನಸಭಾ ಚುನಾವಣೆಯಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಸೀಟು ಜೆಡಿಎಸ್‌ಗೆ. ಮರುವರ್ಷವೇ ಲೋಕಸಭೆಯಲ್ಲಿ ಅದೇ ಜನ ಮುಖ್ಯಮಂತ್ರಿಯ ಮಗನನ್ನು ಸೋಲಿಸಿ ಪಕ್ಷೇತರರಾಗಿದ್ದ ಸುಮಲತಾ ಅವರನ್ನು ಗೆಲ್ಲಿಸಿದರು. 2023ರಲ್ಲಿ ಏಳರಲ್ಲಿ ಜೆಡಿಎಸ್‌ಗೆ ಉಳಿದದ್ದು ಒಂದು. ಕಾಂಗ್ರೆಸ್‌ಗೆ ಐದು, ರೈತಸಂಘದ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಒಂದು. ನಾವು ಟೀ ಕುಡೀತಿದ್ದ ದಿನ ಬಿದ್ದ ಓಟುಗಳು ಜೂನ್‌ನಲ್ಲಿ ಎಣಿಕೆಯಾದಾಗ ಗೆದ್ದವರು ಮತ್ತೆ ಜೆಡಿಎಸ್‌ನ ಕುಮಾರಸ್ವಾಮಿ. ಬೇಸರ ಬಂದರೆ ಈ ಜಿಲ್ಲೆಯವರು ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲ್ಲ, ಬೂತಿಗೆ ತಂದು ಸುರೀತಾರೆ.

ಬೇಸರಕ್ಕೆ ಕಾರಣ ಕೇಳಿದೆ. ಯಜಮಾನರು ಬೆರಳು ಮಡಚುತ್ತಾ ಹೋದರು. ಮೊದಲು ಕಬ್ಬು. 2023-24ಕ್ಕೆ ಕೇಂದ್ರ ಸರ್ಕಾರ ನಿಗದಿ ಮಾಡಿದ ದರ ಟನ್ನಿಗೆ 3,150 ರೂಪಾಯಿ. ಅದು ಕ್ವಿಂಟಲ್ ಕಬ್ಬಿಗೆ 10.25 ಕೆ.ಜಿ. ಸಕ್ಕರೆ ಇಳುವರಿ ಬಂದರೆ ಮಾತ್ರ. ಇಳುವರಿ ಒಂಬತ್ತೂವರೆಗಿಂತ ಕೆಳಗಿದ್ದರೆ ಸಿಗೋದು ಸುಮಾರು 2,920. ಇಳುವರಿ ಅಳೆಯೋದು ಕಾರ್ಖಾನೆಯಲ್ಲಿ, ಬೆಳೆಯೋದು ರೈತ. ನನಗೆ ನಮ್ಮ ವೇರಿಯಬಲ್ ಪೇ ನೆನಪಾಯಿತು. ಕೆಲಸ ನಮ್ಮದು, ರೇಟಿಂಗ್ ಇನ್ನೊಬ್ಬರದು. ವ್ಯತ್ಯಾಸ ಇಷ್ಟೇ, ನಮಗೆ ಕೈಗೆ ಬರೋ ಸಂಬಳ ಇದ್ದೇ ಇರುತ್ತೆ. ಕಟಾವಿನ ಕೂಲಿ, ಸಾಗಣೆ, ಗೊಬ್ಬರ ಕಳೆದರೆ ಅವರಿಗೆ ಉಳಿಯೋದು ಎಷ್ಟು ಅಂತ ಬೇಸಾಯ ಮಾಡೋರ ಮನೆಯಲ್ಲಿ ಹುಟ್ಟಿದವರಿಗೆ ಹೇಳಬೇಕಿಲ್ಲ.

ಎರಡನೇದು ಮೈಷುಗರ್. 1933ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆ. ನಷ್ಟ, ಹಳೇ ಯಂತ್ರ, ಕೊನೆಗೆ ಬಾಗಿಲು ಬಂದ್. ಖಾಸಗಿಯವರಿಗೆ ಗುತ್ತಿಗೆ ಕೊಡೋ ಮಾತು ಬಂದಾಗ ರೈತರು ಬೀದಿಗಿಳಿದರು. 2022ರಲ್ಲಿ ಸರ್ಕಾರಿ ಕಾರ್ಖಾನೆಯಾಗಿಯೇ ಮತ್ತೆ ಅರೆಯಲು ಶುರುವಾಯಿತು. “ಎಲ್ಲಾ ಪಾರ್ಟಿಯೋರೂ ಅದನ್ನ ನಾವೇ ಉಳ್ಸಿದ್ದು ಅಂತಾರೆ. ಮುಚ್ಚಿದ್ದು ಯಾರು ಅಂತ ಒಬ್ನೂ ಏಳಲ್ಲ.”

ಮೂರನೇದು ನೀರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಕಾವೇರಿ ನೀರಿಗಾಗಿ ಸೆಪ್ಟೆಂಬರ್ 23ರಂದು ಮಂಡ್ಯ ಬಂದ್ ಆಗಿತ್ತು. ರಾಜ್ಯ ಕೇಳಿದ ಬರ ಪರಿಹಾರ 18,171 ಕೋಟಿ. ಕೊಡಿಸಿ ಅಂತ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತ್ತು. ಕೇಂದ್ರ ಸುಮಾರು 3,454 ಕೋಟಿಗೆ ಒಪ್ಪಿಗೆ ಕೊಟ್ಟ ಸುದ್ದಿ ಬಂದದ್ದು ನಮ್ಮ ಪ್ರವಾಸದ ಮರುದಿನ. ರಾಜ್ಯದವರು ಕೇಂದ್ರದ ಕಡೆ ಬೆರಳು ತೋರಿಸಿದರು, ಕೇಂದ್ರದವರು ರಾಜ್ಯದ ಕಡೆ.

“ಗೃಹಲಕ್ಷ್ಮಿ ಎರಡು ಸಾವ್ರ ಬರಲ್ವಾ ಅಜ್ಜಿ?” ಅಂತ ಗೆಳೆಯ ಕೇಳಿದ.

“ಬತ್ತದೆ. ಇಲ್ಲ ಅನ್ಬಾರ್ದು. ಮಾತ್ರೆಗೆ ಆಯ್ತದೆ” ಅಂದರು ಅಜ್ಜಿ. ಯಜಮಾನರು ಸೇರಿಸಿದರು: “ಅತ್ಲಾಗಿಂದ ಕಿಸಾನ್ ದುಡ್ಡು ವರ್ಸಕ್ಕೆ ಆರು ಸಾವ್ರ. ಕೊಡ್ಲಿ, ಬ್ಯಾಡ ಅನ್ನಲ್ಲ. ಬೆಳೆಗೆ ಸರ್ಯಾದ ಬೆಲೆ ಕೊಟ್ಟಿದ್ರೆ ಇವ್ರು ಕೊಡೋದನ್ನ ನಾವು ಕೈಯೊಡ್ಡಿ ಈಸ್ಕೋಬೇಕಿತ್ತಾ?”

ಹಕ್ಕಿ ಮರದ ದುಡ್ಡಿನ ಬಗ್ಗೆಯೂ ಊರಲ್ಲಿ ಗೊಣಗಾಟ ಇದೆ. ಹುಣಸೆಹಣ್ಣಿನ ಬೆಲೆಗೆ ಅದು ಯಾವ ಮೂಲೆಗೂ ಸಾಲದು ಅಂತಾರೆ. ಆದರೂ ಮರ ಕಡಿದಿಲ್ಲ. ಮರದ ಕೆಳಗೆ ಗುಂಡಿ ತೋಡಿ, ಕೆರೆಗೋಡು ಹಾಕಿ, ಬಿದ್ದ ಹಿಕ್ಕೆಯನ್ನೇ ಗೊಬ್ಬರ ಮಾಡಿ ಹೊಲಕ್ಕೆ ಹೊಡೆಯುತ್ತಾರೆ. “ಬಾಣಂತನಕ್ಕೆ ಬಂದ ಮಗಳ್ನ ದುಡ್ ಕಮ್ಮಿ ಆಯ್ತು ಅಂತ ಓಡುಸ್ತಾರಾ?” ಅಂದರು ಅಜ್ಜಿ.

ಆ ವಾರವಷ್ಟೇ ಮೆಲ್ಬರ್ನ್‌ನಲ್ಲಿರುವ ನಮ್ಮ ದೊಡ್ಡಪ್ಪನ ಮಗ ಅಣ್ಣ ಉದ್ದದ ವಾಯ್ಸ್ ಮೆಸೇಜ್ ಕಳಿಸಿದ್ದ. ನಾನೂ ಅಲ್ಲಿಗೆ ಪಿಆರ್ ಹಾಕಬೇಕೆಂದಿದ್ದ ಕಾಲ ಅದು. ಬಾಡಿಗೆ ಏರಿದೆ, ಮನೆ ಸಾಲದ ಕಂತು ಏರಿದೆ, ಇಲ್ಲೂ ಲೀಡರುಗಳ ಮೇಲೆ ಯಾರಿಗೂ ನಂಬಿಕೆ ಇಲ್ಲ ಕಣೋ ಅಂದಿದ್ದ. ಸುಳ್ಳಲ್ಲ. 2022ರ ಮೇಯಿಂದ 2023ರ ನವೆಂಬರ್ ಒಳಗೆ ಅಲ್ಲಿನ ರಿಸರ್ವ್ ಬ್ಯಾಂಕ್ 13 ಸಲ ಬಡ್ಡಿ ಏರಿಸಿ ಶೇ 0.10ರಿಂದ ಶೇ 4.35ಕ್ಕೆ ತಂದಿತ್ತು. 2010ರಿಂದ 2018ರೊಳಗೆ ನಾಲ್ಕು ಸಲ ಅವರ ಪಕ್ಷದವರೇ ಅಧಿಕಾರದಲ್ಲಿದ್ದ ಪ್ರಧಾನಿಯನ್ನು ಇಳಿಸಿದ್ದರು. ನಾವೇನು ಕಮ್ಮಿ? 2018ರ ಒಂದೇ ವಿಧಾನಸಭೆ ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ, ಮೂವರನ್ನೂ ಕಂಡಿತು. ಆಸ್ಟ್ರೇಲಿಯಾದಲ್ಲಿ ಓಟು ಹಾಕದಿದ್ದರೆ 20 ಡಾಲರ್ ದಂಡ ಅಂತ ಹೇಳಿದಾಗ ಯಜಮಾನರು ಜೋರಾಗಿ ನಕ್ಕರು.

“ನಿಮ್ಮಂತೋರ್ಗೆ ಅಂಗೇ ಮಾಡ್ಬೇಕು.”

“ಮತ್ತೆ ನಂಬಿಕೆ ಇಲ್ಲ ಅಂದ್ರಿ. ಆದ್ರೂ ಯಾಕೆ ಹಾಕ್ತೀರಿ?”

“ನಾಳೆ ಬಂದಾಗ ಕೇಳಕ್ಕೆ ಮುಖ ಬೇಕಲ್ಲಪ್ಪ.”

ಮೈಸೂರಿನ ದಾರಿಯಲ್ಲಿ ಕಾರಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ರಾತ್ರಿ ಮೊಬೈಲಲ್ಲಿ ಮತದಾನದ ಅಂಕಿ ನೋಡಿದೆ. ಕೊನೆಯ ಲೆಕ್ಕ ಸಿಕ್ಕಾಗ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು, ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸು. ರಾಜಕಾರಣಿಗಳಿಂದ ಹೆಚ್ಚು ಪೆಟ್ಟು ತಿಂದವರು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಮೀಮ್ ಫಾರ್ವರ್ಡ್ ಮಾಡಿ ಬೇಸರ ತೀರಿಸಿಕೊಂಡಿದ್ದವರು ನಾವು. ನಮ್ಮ ನಿರಾಸೆಗೆ ನಾವು ಏನೂ ಬೆಲೆ ಕೊಟ್ಟಿರಲಿಲ್ಲ. ನಮ್ಮದೇ ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಗುಂಡಿಗೆ ಬೈದೆವೇ ಹೊರತು ಕಾರ್ಪೊರೇಟರ್ ಎಲ್ಲಿ ಅಂತ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಸೋಮವಾರ ಬರಬೇಕಿದ್ದ ಬುದ್ಧಿ ಎರಡು ತಿಂಗಳು ತಡವಾಗಿ ಬಂತು. ವಿಳಾಸ ಬದಲಾವಣೆಗೆ ನಮೂನೆ 8 ಭರ್ತಿ ಮಾಡಿದೆ. ಫೋನಲ್ಲೇ ಆಯಿತು, ಫುಡ್ ಆರ್ಡರ್ ಮಾಡೋದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

ಮುಂದಿನ ಫೆಬ್ರುವರಿಯಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು ಮತ್ತೆ ಹೋದೆ. ನೀವೂ ಹೋಗೋದಾದರೆ ಜನವರಿಯಿಂದ ಏಪ್ರಿಲ್ ಒಳಗೆ, ಬೆಳಿಗ್ಗೆ ಬೇಗ ಹೋಗಿ. ಮರದ ಕೆಳಗೆ ನಿಲ್ಲೋದಾದರೆ ಟೋಪಿ ಇರಲಿ, ಯಾಕೆ ಅಂತ ನಿಂತಾಗ ಗೊತ್ತಾಗುತ್ತೆ. ಡ್ರೋನ್, ಹಾರ್ನ್, ಸ್ಪೀಕರ್ ಬೇಡ. ಅದು ಜನ ವಾಸ ಮಾಡೋ ಬೀದಿ. ಟೀ, ಎಳನೀರು ಊರಲ್ಲೇ ಕುಡಿಯಿರಿ.

ಅಜ್ಜಿ ಅದೇ ಜಗುಲಿ ಮೇಲಿದ್ದರು. ಗುರುತು ಸಿಗಲಿಲ್ಲ. ಬೆರಳಿನ ಕತೆ ನೆನಪಿಸಿದ ಮೇಲೆ ನಕ್ಕು, “ತೋರ್ಸು ಮತ್ತೆ” ಅಂದರು.

“ಎಲೆಕ್ಷನ್ ಇನ್ನೂ ಬಂದಿಲ್ಲ ಅಜ್ಜಿ. ಹೆಸರು ಮಾತ್ರ ಸೇರಿಸಿದೀನಿ.”

“ಸೇರ್ಸಿದ್ಯಾ? ಅಷ್ಟಾದ್ರೂ ಮಾಡ್ದಲ್ಲ ಬುಡು” ಅಂದು, ಅಮ್ಮನಿಗೆ ಕೂರೋಕೆ ಚಾಪೆ ತರಲು ಎದ್ದರು.